ಸೋಫಾ ಇಲ್ಲದ ನಡುಮನೆ

ನೋಡಿ, ಬರೆಯೋಕೆ ಕೂತು ಇನ್ನೂ ಮೊದಲನೇ ಸಾಲು ಮುಗಿದಿಲ್ಲ, ಆಗಲೇ ಗೇಟಿನ ಹತ್ತಿರ ಯಾರೋ ಕೂಗಿದರು. "ಅಕ್ಕಾ, ನಮ್ಮಜ್ಜಿದು ಹಳೇ ಮಂಚ ಒಂದೈತೆ, ತಗೋತೀರಾ?" ಮಂಚ ಬೇಡ ಕಣಪ್ಪಾ, ಕೂರೋದು, ಕಾಲಿಡೋದು, ಇವೆರಡೇ ಸಾಕು ಅಂತ ಹೇಳಿ ಕಳಿಸಿ ಬಂದರೆ ಮಗಳು ಪೆನ್ನಿನ ಕ್ಯಾಪು ಬಾಯಿಗೆ ಹಾಕಿಕೊಂಡಿದ್ದಾಳೆ. ಈ ಮನೆಯಲ್ಲಿ ನಾನು ಕೂತೆ ಅಂದರೆ ಸಾಕು, ಎಬ್ಬಿಸೋಕೆ ಊರೇ ಬರುತ್ತದೆ. ಅದಕ್ಕೇ ಇರಬೇಕು, ನನಗೆ ಕುರ್ಚಿಗಳ ಮೇಲೆ ಇಷ್ಟು ಆಸೆ. ಆ ಆಸೆಯಿಂದ ನಮ್ಮನೆಯಲ್ಲಿ ದಿನಕ್ಕೊಂದು ನಗೆಪಾಟಲು ಆಗುತ್ತಲೇ ಇರುತ್ತದೆ.

ಹೊಸಕೋಟೆ ಹತ್ತಿರದ ಒಂದು ಊರಲ್ಲಿ ನಾವು ಹೊಸ ಮನೆ ಕಟ್ಟಿದೆವು. ನಡುಮನೆಗೆ ಏನು ಹಾಕುವುದು ಅನ್ನುವಲ್ಲಿ ಜಗಳ ಶುರುವಾಯಿತು. ಅತ್ತೆಗೆ ಸೋಫಾ ಸೆಟ್ಟು ಬೇಕು. ನಮ್ಮ ನೆಂಟರ ಮನೆಗಳಲ್ಲೆಲ್ಲ ಒಂದೇ ಥರದ ಸೋಫಾ, ತಂದ ದಿನದ ಪ್ಲಾಸ್ಟಿಕ್ ಕವರನ್ನು ಇನ್ನೂ ಬಿಚ್ಚಿಲ್ಲ. ಬೇಸಿಗೆಯಲ್ಲಿ ಕೂತು ಎದ್ದರೆ ಸೀರೆ ಒಂದು ಕಡೆ, ನಾವು ಒಂದು ಕಡೆ. ನನಗೆ ಹಳೇ ಮರದ ಕುರ್ಚಿ, ಸ್ಟೂಲು, ಮಣೆಗಳೇ ಬೇಕು ಅಂದೆ. ಇಷ್ಟು ವರ್ಷ ಯಾರ್ಯಾರೋ ಕೂತರೂ ಮುರಿಯದ್ದು ಇನ್ನು ನಾವು ಕೂತರೆ ಮುರಿಯುತ್ತದೆಯೇ?

ಅತ್ತೆ ಒಂದು ಷರತ್ತು ಹಾಕಿದರು. "ಆಯ್ತು ಕಣೇ. ನಿನ್ನ ನಾದಿನೀನ ನೋಡೋಕೆ ಗಂಡಿನ ಕಡೆಯೋರು ಬರೋವರೆಗೂ ಬಿಟ್ಟಿರ್ತೀನಿ. ಅವರಲ್ಲಿ ಒಬ್ಬರು ಮೂಗು ಮುರಿದ್ರೂ ಮಾರನೇ ದಿನ ಸೋಫಾ ಬರ್ತದೆ. ನಿನ್ನ ಮರ ಎಲ್ಲಾ ನೀರೊಲೆಗೆ!"

ಹತ್ತನೇ ಕ್ಲಾಸಿನ ಪರೀಕ್ಷೆಗೂ ನಾನು ಅಷ್ಟು ತಯಾರಿ ಮಾಡಿರಲಿಲ್ಲ.

ದೊರೆಯ ಕುರ್ಚಿ

ಹಳೇ ಕುರ್ಚಿ ಆರಿಸುವಾಗ ಮೊದಲು ಅದನ್ನು ತಲೆಕೆಳಗು ಮಾಡಬೇಕು. ಮೇಲೆ ಪಾಲಿಶ್ ಯಾರು ಬೇಕಾದರೂ ಹೊಡೆಯುತ್ತಾರೆ, ಅಡಿಗೆ ಹೊಡೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆಮೇಲೆ ಅಲ್ಲಾಡಿಸಬೇಕು. ಆಮೇಲೆ ಮೂಸಬೇಕು. ಎಲ್ಲ ಆದ ಮೇಲೆ ಕೂರಬೇಕು.

ಹೆದ್ದಾರಿ ಪಕ್ಕದ ಗುಜರಿ ಅಂಗಡಿಯವನು ಫಳಫಳ ಹೊಳೆಯುವ ಒಂದು ಕುರ್ಚಿ ಮುಂದೆ ತಂದಿಟ್ಟ. "ಅಕ್ಕಾ, ಇದು ಇಂಗ್ಲಿಷ್ ದೊರೆ ಕೂತಿದ್ದ ಕುರ್ಚಿ."

ತಿರುಗಿಸಿ ನೋಡಿದೆ. ಅಡಿಯಲ್ಲಿ ಗುಲಾಬಿ ಬಣ್ಣದ ಬಬಲ್ ಗಮ್ ಅಂಟಿಕೊಂಡಿತ್ತು.

"ದೊರೆ ಇದನ್ನೂ ತಿಂತಿದ್ರಾ?"

ಅವನಿಗೆ ನಾಚಿಕೆ ಎಲ್ಲಿಯದು? "ದೊರೆ ಮಗ ತಿಂದಿರ್ಬೇಕಕ್ಕಾ."

ಅದನ್ನು ಬಿಟ್ಟು ಮೂಲೆಯಲ್ಲಿ ಟೈರುಗಳ ಕೆಳಗೆ ಸಿಕ್ಕಿಕೊಂಡಿದ್ದ ಬೀಟೆ ಮರದ ಕುರ್ಚಿಯನ್ನು ಎಳೆದು, ತಿರುವಿ, ಅಲ್ಲಾಡಿಸಿ, ಮೂಸತೊಡಗಿದೆ. ಅಂಗಡಿಯವನಿಗೆ ತಾಳ್ಮೆ ಮುಗಿಯಿತು. "ಏನಕ್ಕಾ ನೀವು, ಗಂಡು ನೋಡೋಕೆ ಬಂದಂಗೆ ನೋಡ್ತೀರಲ್ಲ!"

"ಗಂಡು ನೋಡುವಾಗ ಇಷ್ಟು ನೋಡಿರ್ಲಿಲ್ಲ ಕಣಪ್ಪಾ. ಅದಕ್ಕೇ ಕುರ್ಚೀನಾದ್ರೂ ಸರಿಯಾಗಿ ನೋಡ್ಕೊಳ್ತಿದೀನಿ."

ಲಗೇಜ್ ಆಟೋ ಪಕ್ಕದಲ್ಲಿ ನಿಂತಿದ್ದ ನನ್ನ ಯಜಮಾನರು ಕೇಳಿಸದವರ ಹಾಗೆ ಆಕಾಶ ನೋಡಿದರು. ದಾರಿಯಲ್ಲಿ ಮೆಲ್ಲಗೆ ಕೇಳಿದರು, "ಹಂಗೆಲ್ಲಾ ನೋಡಿದ್ರೆ ನನ್ನ ಒಪ್ತಿದ್ಯಾ?"

"ಅಲ್ಲಾಡಿಸೋವರೆಗೂ ಹೇಳೋಕಾಗ್ತಿರ್ಲಿಲ್ಲ ಕಣ್ರೀ" ಅಂದೆ.

ಗಲ್ಲ ಎತ್ತುವ ಕುರ್ಚಿ

ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಒಂದು ಕಟಿಂಗ್ ಶಾಪಿನವರು ಹೊಸ ಕುರ್ಚಿ ಹಾಕಿಸಿ ಹಳೆಯದನ್ನು ಜಗುಲಿಗೆ ತಳ್ಳಿದ್ದರು. ಬೆತ್ತದ ಬೆನ್ನು, ದಪ್ಪ ತೋಳು, ಕಾಲಿಡಲು ಹೂಬಳ್ಳಿ ಎರಕದ ಕಬ್ಬಿಣದ ಪಟ್ಟಿ. ಕಣ್ಣಿಗೆ ಬಿದ್ದ ಕೂಡಲೇ ನಂದೇ ಅನ್ನಿಸಿತು. ತಲೆ ಒರಗಿಸುವ ತುಂಡನ್ನು ಬಿಚ್ಚಿಸಿ ತಂದೆ. ಎಲ್ಲಿಯದು ಅಂತ ಮನೆಯಲ್ಲಿ ಹೇಳಲಿಲ್ಲ. ಬಂದವರೆಲ್ಲ ಅದನ್ನೇ ಹೊಗಳಿದರು. ನಾನು ಬೀಗಿದೆ.

ಆದರೆ ಗಂಡಸರು ಯಾರು ಕೂತರೂ ಒಂದು ಗಳಿಗೆಯಲ್ಲಿ ತಾವಾಗಿಯೇ ಹಿಂದಕ್ಕೆ ಒರಗಿ, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚುತ್ತಿದ್ದರು. ನಮ್ಮ ಮಾವ ಪೇಪರ್ ಓದಲು ಕೂತವರು ಸೂರು ನೋಡುತ್ತಿದ್ದರು. ಒಂದು ದಿನ ಎದುರುಮನೆ ತಾತ ಬಂದು ಕೂತು, ಹಾಗೇ ನಿದ್ದೆ ಹೋದರು. ನನ್ನ ಮಗಳು ಎಲ್ಲಿಂದಲೋ ಒದ್ದೆ ಬಟ್ಟೆ ತಂದು ಅವರ ಕೆನ್ನೆ ಒರೆಸಿದಳು. ತಾತ ಕಣ್ಣು ಬಿಡದೆ ಹೇಳಿದರು, "ಮೀಸೆ ಹಂಗೇ ಇರ್ಲಿ ಕಣೋ, ಗಡ್ಡ ಮಾತ್ರ ತೆಗಿ."

ಗುಟ್ಟು ಬಯಲಾಯಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕೇಳಿದರು, "ಗಂಡಿನ ಕಡೆಯೋರು ಕೂತು ಹಿಂಗೇ ಕತ್ತೆತ್ತಿದ್ರೆ ಕಾಫಿ ತರ್ತೀಯೋ, ಸೋಪು ಬ್ರಷ್ಷು ತರ್ತೀಯೋ?"

ಕಾಲಿಗೊಂದು ಪೀಠ

(ಇರಿ, ಹಾಲು ಉಕ್ಕಿತು.)

ಹಾಂ, ಕಾಲಿಡುವ ಸ್ಟೂಲಿನ ವಿಷಯ. ತೇಗದ ಗಿಡ್ಡ ಸ್ಟೂಲು, ಮೇಲೆ ತೆಂಗಿನ ನಾರು ತುಂಬಿದ ಮೆತ್ತೆ. ಕಾಲಿಡುವ ಸ್ಟೂಲು ನಿಜವಾಗಿ ಹಳೆಯದಾದರೆ ಹಿಮ್ಮಡಿ ಊರುವ ಜಾಗ ತಗ್ಗಾಗಿರುತ್ತದೆ. ಇದರಲ್ಲಿ ಎರಡು ಬಟ್ಟಲಿನ ಹಾಗೆ ತಗ್ಗು! ಯಾರೋ ಪುಣ್ಯಾತ್ಮರು ಒಳ್ಳೆ ಸುಖಪಟ್ಟಿದ್ದಾರೆ ಅಂತ ಖುಷಿಯಾಗಿ ತಂದೆ. ಅತ್ತೆಯ ಮಂಡಿನೋವಿಗೆ ಆಗುತ್ತದೆ ಅಂತಲೂ ಲೆಕ್ಕ ಹಾಕಿದ್ದೆ.

ಅತ್ತೆ ಉರಿದುಬಿದ್ದರು. "ಕಾಲಿಗೂ ಕುರ್ಚಿಯಾ? ನಾಳೆ ಕೈಗೊಂದು ಮಂಚ ತಂದ್ಬಿಡು! ದೊಡ್ಡೋರ ಮುಂದೆ ಕಾಲು ನೀಡ್ಕೊಂಡು ಕೂರೋ ಪೈಕಿನಾ ನಾವು?"

ಒಂದು ಮಧ್ಯಾಹ್ನ ನಾನು ಹಿತ್ತಲಿಂದ ಸದ್ದಿಲ್ಲದೆ ಬಂದೆ. ಟಿವಿಯಲ್ಲಿ ಧಾರಾವಾಹಿ. ಅತ್ತೆ ಬೀಟೆ ಕುರ್ಚಿಯಲ್ಲಿ ಒರಗಿ, ಎರಡೂ ಕಾಲು ಸ್ಟೂಲಿನ ಮೇಲಿಟ್ಟು, ಆ ಎರಡು ತಗ್ಗಿಗೆ ಸರಿಯಾಗಿ ಹಿಮ್ಮಡಿ ಕೂರಿಸಿಕೊಂಡು, ಹೆಬ್ಬೆರಳು ಕುಣಿಸುತ್ತಿದ್ದರು. ನನ್ನನ್ನು ಕಂಡವರೇ ಕಾಲನ್ನು ಆ ಕಡೆ ಈ ಕಡೆ ಉಜ್ಜಿದರು.

"ಧೂಳು ಒರೆಸ್ತಿದ್ದೆ ಕಣೇ."

"ಕಾಲಲ್ಲಾ ಅತ್ತೆ?"

"ಮಂಡಿ ಬಗ್ಗಲ್ವಲ್ಲ, ಇನ್ನೇನ್ ಮಾಡ್ಲಿ!"

ಅವತ್ತಿನಿಂದ ದಿನಾ ಮಧ್ಯಾಹ್ನ ಧಾರಾವಾಹಿ ಮುಗಿಯುವವರೆಗೂ ನಮ್ಮನೆಯಲ್ಲಿ ಆ ಸ್ಟೂಲಿನ ಧೂಳು ಒರೆಸುವ ಕೆಲಸ ನಡೆಯುತ್ತದೆ.

ಗಂಡಿನ ಕಡೆಯವರು

ಐದು ಜನ ಬರ್ತೀವಿ ಅಂದಿದ್ದವರು ಎರಡು ಕಾರು ತುಂಬ ಬಂದಿಳಿದರು. ಇದ್ದ ಕುರ್ಚಿ, ಬೆಂಚು ಎಲ್ಲ ತುಂಬಿದವು. ಗಂಡಿನ ಚಿಕ್ಕಪ್ಪ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿಯೇ ಬಿಟ್ಟರು. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ನೀರೊಲೆ ಧಗಧಗ ಉರಿಯುತ್ತಿತ್ತು.

ಎಲ್ಲರೂ ಕೂತರು, ನೋಡಲು ಬಂದ ಹುಡುಗನೇ ನಿಂತಿದ್ದಾನೆ! ಸೋಫಾ ಇದ್ದಿದ್ದರೆ ಸರಿದು ಜಾಗ ಮಾಡಬಹುದಿತ್ತು ಅಂತ ಅತ್ತೆ ನನಗೆ ಮಾತ್ರ ಕೇಳುವ ಹಾಗೆ ಗೊಣಗಿದರು. ಓಡಿಹೋಗಿ ಮಂಚದ ಕೆಳಗಿಂದ ಒಂದು ಜೊತೆ ಮಣೆ ತಂದೆ. ದೇವನಹಳ್ಳಿ ಕಡೆ ಒಂದು ಹಳೇ ಮನೆ ಕೆಡವುವಾಗ ಸಿಕ್ಕಿದ್ದು. ಹಲಸಿನ ಮರ, ನಾಲ್ಕು ಮೂಲೆಗೂ ಹಿತ್ತಾಳೆ ಹೂವು, ಅಂಚಿಗೆ ಗಿಣಿಗಳ ಸಾಲು. ಇನ್ನೂ ಯಾರಿಗೂ ತೋರಿಸಿರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಹಾಕಿದೆ. ಹುಡುಗ ಒಂದರ ಮೇಲೆ ಕೂತ.

ನಾದಿನಿ ಕಾಫಿ ತಂದು ಕೊಟ್ಟಳು. ಹುಡುಗನ ಅಜ್ಜಿ, "ಎಷ್ಟೊತ್ತು ನಿಂತಿರ್ತೀಯ ಕೂಸೇ, ಕೂತ್ಕೊ" ಅಂದರು. ಖಾಲಿ ಇದ್ದದ್ದು ಆ ಇನ್ನೊಂದು ಮಣೆ ಮಾತ್ರ. ಬೇಡ ಅಂತ ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ನನ್ನ ನಾದಿನಿ ಅಲ್ಲವೇ, ನೇರವಾಗಿ ಹೋಗಿ ಕೂತಳು.

ಅಜ್ಜಿಯ ಲೋಟ ಬಾಯಿಯ ಹತ್ತಿರವೇ ನಿಂತಿತು. "ಯಾರೂ ಏಳ್ಬೇಡಿ!"

ಅರ್ಧ ಎದ್ದ ಹುಡುಗ ಧೊಪ್ಪನೆ ಕೂತ.

"ಅಲ್ಲ ಕಣ್ರಪ್ಪಾ, ಇದು ಹಸೆಮಣೆ ಅಲ್ವಾ? ಮದುವೆ ದಿನ ಕೂರೋದರ ಮೇಲೆ ನೋಡೋಕೆ ಬಂದ ದಿನಾನೇ ಜೋಡಿ ಕೂತ್ಬಿಟ್ರಲ್ಲಾ!"

ಅತ್ತೆಯ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತಮ್ಮಾ, ನಮ್ ಸೊಸೆ ಏನೋ ಅರಿಯದೆ…"

"ತಪ್ಪೇನ್ ಬಂತು? ಹಸೆಮಣೆ ಮೇಲೆ ಜೋಡಿಯಾಗಿ ಕೂತೋರನ್ನ ಬರಿದೇ ಎಬ್ಬಿಸೋ ಪದ್ಧತಿ ನಮ್ಮಲ್ಲಿಲ್ಲ. ಅರಿಶಿನ ಕುಂಕುಮ ತಗೊಂಬನ್ನಿ!"

ಹುಡುಗನ ಅಪ್ಪ ಗಾಬರಿಯಾದರು. "ಅವ್ವಾ, ಇನ್ನೂ ಜಾತಕ, ಮಾತುಕತೆ…"

"ಅದೆಲ್ಲಾ ಆಮೇಲೆ ಮಾಡ್ಕೊಳ್ರೋ. ಏನ್ಲಾ ಮಗಾ, ನಿಂಗೆ ಒಪ್ಪಿಗೇನಾ?"

ಹುಡುಗ ನಾಚಿ ಕೆಳಗೆ ನೋಡುತ್ತಾ, "ಮಣೆ ಚೆನ್ನಾಗೈತೆ" ಅಂದ.

"ನಿಂಗೇನಮ್ಮಾ?"

ನಾದಿನಿ ಸೆರಗು ಸರಿಮಾಡಿಕೊಂಡಳು. "ಒಪ್ಪಿಗೆ ಇಲ್ದಿದ್ರೆ ನಿಂತೇ ಇರ್ತಿದ್ದೆ ಅಜ್ಜಿ."

ಮನೆ ತುಂಬ ನಗು. ಅಜ್ಜಿ ಇಬ್ಬರ ಹಣೆಗೂ ಕುಂಕುಮ ಇಟ್ಟು, ಬಾಗಿ ಮಣೆಯ ಗಿಣಿಗಳನ್ನು ಸವರಿದರು, ಬೆರಳ ಗಂಟಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿದರು. "ಎಂಥಾ ಮರ! ಯಾರು ಆರಿಸಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದೆಯುಬ್ಬಿಸಿ ಮುಂದೆ ಬಂದರು. "ನಮ್ ಸೊಸೆ! ಅವಳ ಕಣ್ಣಿಗೆ ಬಿದ್ದ ಸಾಮಾನು ಸುಳ್ಳಾಗಲ್ಲ." ಮದುವೆಯಾಗಿ ಬಂದ ಮೇಲೆ ನಾನು ಆ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಒಲೆಗೆ ಹೋಗಬೇಕಾಗಿದ್ದ ಮರಕ್ಕೆಲ್ಲ ಅವತ್ತು ಜೀವದಾನವಾಯಿತು.

ಆದರೆ ಅಜ್ಜಿಯ ಮಾತು ಮುಗಿದಿರಲಿಲ್ಲ. "ನಮಗೆ ಬೀರು, ಮಂಚ ಏನೂ ಬೇಡ. ಹುಡುಗಿ ಜೊತೆ ಈ ಜೋಡಿ ಮಣೆ ಕಳಿಸ್ಬಿಡಿ. ನನ್ನ ಮೊಮ್ಮಕ್ಕಳೆಲ್ಲಾ ಇದರ ಮೇಲೇ ಮದುವೆ ಆಗ್ಲಿ."

"ಅಜ್ಜಿ, ಅದೊಂದ್ ಮಾತ್ರ ಕೇಳ್ಬೇಡಿ" ಅಂತ ನನ್ನ ಬಾಯಿಂದ ಬಂದೇ ಬಿಟ್ಟಿತು. ಮಣೆ ಮೇಲಿದ್ದ ನಾದಿನಿ ನನ್ನನ್ನೇ ದುರುಗುಟ್ಟಿ ನೋಡಿದಳು. ಅಜ್ಜಿ ಎದ್ದು ಬಂದು, ನನ್ನ ಗಲ್ಲ ಹಿಡಿದು, ನಗುನಗುತ್ತಲೇ ಕೇಳಿದರು:

"ಆಗ್ಲಿ ಅಮ್ಮಣ್ಣಿ, ಎರಡರಲ್ಲಿ ಒಂದನ್ನ ನೀನೇ ಇಟ್ಕೊ. ಹೇಳು, ಮಣೆ ಇಟ್ಕೊತೀಯೋ, ನಾದಿನೀನ ಇಟ್ಕೊತೀಯೋ?"