ಬೈಕುಲ್ಲಾದ ಕಬಾಬಿಗೆ ನಾನು ಕೊಟ್ಟ ತೀರ್ಪು

ಎಪ್ಪತ್ತರ ದಶಕದ ಮುಂಬಯಿಯಲ್ಲಿ, ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯ ಮಟ್ಟಿಗೆ ಕಬಾಬಿನ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲ ವ್ಯಕ್ತಿ ಒಬ್ಬನೇ ಇದ್ದ. ಅದು ನಾನು. ನಾನು ಹುಟ್ಟಿನಿಂದ ಶುದ್ಧ ಸಸ್ಯಾಹಾರಿ ಎಂಬುದೊಂದು ಸಣ್ಣ ತೊಡಕಿತ್ತು, ಅಷ್ಟೆ.

ಆಫೀಸಿನಿಂದ ಬಂದು ಚಹಾ ಕುಡಿದ ಮೇಲೆ ನಮ್ಮ ಬಿಲ್ಡಿಂಗಿನ ಕೆಳಗಿನ ಸಿಮೆಂಟ್ ಕಟ್ಟೆಯ ಮೇಲೆ ಕನ್ನಡಿಗರ ಸಭೆ ಸೇರುತ್ತಿತ್ತು. ರಾಜಕೀಯ, ಸೀಮೆಎಣ್ಣೆಯ ಕ್ಯೂ, ಲೋಕಲ್ ಗಾಡಿಯ ನೂಕುನುಗ್ಗಲು, ಹೀಗೆ ಯಾವ ವಿಷಯದಿಂದ ಹೊರಟರೂ ಸಭೆ ಕೊನೆಗೆ ಬಂದು ನಿಲ್ಲುತ್ತಿದ್ದುದು ಹೋಟೆಲಿನಲ್ಲೇ. ಮಾಟುಂಗಾದ ಯಾವ ಹೋಟೆಲಿನ ದೋಸೆ ಗರಿಗರಿ, ಯಾವ ಇರಾನಿಯ ಚಹಾ ಗಟ್ಟಿ, ಎಲ್ಲಿಯ ಮಿಸಳ್ ತಿಂದರೆ ಕಿವಿಯಿಂದ ಹೊಗೆ ಬರುತ್ತದೆ ಎಂಬ ಚರ್ಚೆಗಳಲ್ಲಿ ನನಗೆ ಒಳ್ಳೆಯ ಸ್ಥಾನವಿತ್ತು. ಆದರೆ ಮಾತು ಕಬಾಬಿಗೆ ತಿರುಗಿತೆಂದರೆ ನನ್ನ ಬಾಯಿಗೆ ಬೀಗ!

ಕಬಾಬಿನ ಮಾತು ತೆಗೆಯುತ್ತಿದ್ದವನು ದಸ್ತಗೀರ್. ವಿಜಾಪುರದವನು, ನಮ್ಮ ಕಾಲೊನಿಯ ಹಿಂದೆಯೇ ಮನೆ, ಬೈಕುಲ್ಲಾದಲ್ಲಿ ಸೋಫಾಗಳಿಗೆ ಗಾದಿ ಹೊಲಿಯುವ ಅಂಗಡಿಯ ಮೇಸ್ತ್ರಿ. ಅವನ ಎದುರಾಳಿ ನಮ್ಮ ಮೇಲಿನ ಮನೆಯ ಸಂಜೀವಣ್ಣ. ಉಡುಪಿ ಕಡೆಯವರು, ಬಂದರಿನಲ್ಲಿ ನೌಕರಿ. ಇಬ್ಬರೂ ಮಸಾಲೆಯ ಬಗ್ಗೆ, ಕೆಂಡದ ಬಗ್ಗೆ ಕೂಗಾಡುತ್ತಿದ್ದಾಗ ನಾನು ಆಕಾಶ ನೋಡುತ್ತಾ ಕೂರುತ್ತಿದ್ದೆ. ಒಬ್ಬ ಮನುಷ್ಯ ಎಷ್ಟು ಹೊತ್ತು ಆಕಾಶ ನೋಡಬಹುದು?

ಒಂದು ಸಂಜೆ ತಡೆಯಲಾಗಲಿಲ್ಲ.

"ಎಲ್ಲಾ ಇದ್ದಲಿ ಮ್ಯಾಲ ಐತ್ರಿ" ಎಂದುಬಿಟ್ಟೆ.

"ಅಂದ್ರ?" ಎಂದ ದಸ್ತಗೀರ್.

"ಇದ್ದಲಿ ಕೆಂಪಗ ಇದ್ದಾಗ ಇಡಬಾರದು. ಮ್ಯಾಲ ತೆಳ್ಳಗ ಬೂದಿ ಬರಬೇಕು. ಆಮ್ಯಾಲ ಇಡಬೇಕು. ಇಲ್ಲಾಂದ್ರ ಹೊರಗ ಕರಕು, ಒಳಗ ಹಸಿ."

"ವಾಹ್, ವಿರುಪಾಕ್ಷಪ್ಪಾರ!" ದಸ್ತಗೀರ್ ತೊಡೆ ತಟ್ಟಿದ. "ಇದು ತಿಂದವ್ರ ಮಾತು!"

ಅದು ತಿಂದವರ ಮಾತೇ. ನನ್ನ ಹೆಂಡತಿ ಶಾಂತಾ ಇದ್ದಲಿ ಒಲೆಯ, ಅಂದರೆ ಸಿಗಡಿಯ, ಮೇಲೆ ಬದನೆಕಾಯಿ ಸುಡುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅಂದಿನಿಂದ ಬದನೆಕಾಯಿಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಕಬಾಬಿಗೆ ವರ್ಗಾಯಿಸಿದೆ. ಅದೂ ಮುಗಿದ ಮೇಲೆ ಲೋಕಲ್ ಗಾಡಿಯಲ್ಲಿ ಮಾಂಸ ತಿನ್ನುವ ಸಹೋದ್ಯೋಗಿಗಳ ಪಕ್ಕದಲ್ಲೇ ಕೂತು ಕಿವಿ ತೆರೆದಿಟ್ಟೆ. ಬೆಳಿಗ್ಗೆ ಕೇಳಿದ್ದನ್ನು ಸಂಜೆ ಕಟ್ಟೆಯ ಮೇಲೆ ಸ್ವಂತ ಅನುಭವದಂತೆ ಹೇಳುತ್ತಿದ್ದೆ. ನೋಡನೋಡುತ್ತಿದ್ದಂತೆ ಸಂಜೀವಣ್ಣನಂಥವರೂ, "ವಿರೂಪಾಕ್ಷಪ್ಪನವರು ಹೇಳಿದ ಮೇಲೆ ಮುಗೀತು ಮಾರಾಯ್ರೆ" ಎನ್ನತೊಡಗಿದರು. ಅಭಿಪ್ರಾಯ ಕೊಡುವುದಕ್ಕೂ ತಿನ್ನುವುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ನನಗೆ ದೃಢವಾಯಿತು.

ಮನೆಯಲ್ಲಿ ಈ ಕೀರ್ತಿಯ ಸುದ್ದಿ ಇರಲಿಲ್ಲ. ಶಾಂತಾ ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಹೆಂಗಸು.

ಹೀಗಿರುವಾಗ ಒಂದು ದಿನ ದಸ್ತಗೀರ್ ನನ್ನನ್ನು ಪಕ್ಕಕ್ಕೆ ಕರೆದ. ಮುಖ ಸಪ್ಪಗಿತ್ತು. ಅವನ ಊರಿನವರೇ ಆದ ಇಸ್ಮಾಯಿಲ್, ಯಾಕೂಬ್ ಎಂಬ ಅಣ್ಣತಮ್ಮಂದಿರು ಬೈಕುಲ್ಲಾದಲ್ಲಿ ಅಪ್ಪ ಬಿಟ್ಟುಹೋದ ಕಬಾಬಿನ ಅಂಗಡಿ ನಡೆಸುತ್ತಿದ್ದರು. ಈಗ ಜಗಳವಾಗಿ, ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದು, ಎರಡು ಸಿಗಡಿಗಳು ಬೇರೆ ಬೇರೆ ಉರಿಯುತ್ತಿದ್ದವು. ಇಬ್ಬರ ನಡುವೆ ಮಾತಿಲ್ಲ. ಅವರ ಮುದಿ ತಾಯಿ ಹಿಂದಿನ ಖೋಲಿಯಲ್ಲಿ ಅಳುತ್ತಾ ಕೂತಿದ್ದಾಳೆ. ಅಪ್ಪನ ಹೆಸರಿನ ಬೋರ್ಡು ಯಾರ ಬಾಗಿಲಿಗೆ ಇರಬೇಕು ಎಂಬುದೇ ಜಗಳ.

"ಅಪ್ಪನ ಕೈರುಚಿ ಯಾರ ಕಬಾಬಿನ್ಯಾಗ ಐತಿ, ಅವರಿಗೆ ಬೋರ್ಡು ಅಂತ ಒಪ್ಪಿಸೀನ್ರಿ. ತೀರ್ಪು ಕೊಡಾಕ ಸಂಬಂಧ ಇಲ್ದ ದೊಡ್ಡ ಮನುಷ್ಯಾರು ಬೇಕು ಅಂದ್ರು. ನಿಮ್ಮ ಹೆಸರು ಹೇಳಿ ಬಂದೀನಿ."

ನಿಜ ಹೇಳಲು ಅದು ತಕ್ಕ ಸಮಯವಾಗಿತ್ತು. ಆದರೆ ಅಷ್ಟರಲ್ಲಿ ಅವನು, "ಇಡೀ ಮುಂಬಯಿದಾಗ ನಿಮ್ಮಂಥ ನಾಲಿಗಿ ಇನ್ನೊಂದಿಲ್ರಿ" ಎಂದ. ಆ ನಾಲಿಗೆ ಕೂಡಲೇ, "ಆಗಲಿ, ಬರತೀನಿ" ಎಂದಿತು!

ಮುಂದಿನ ದಿನಗಳಲ್ಲಿ ನಾನು ತಪ್ಪಿಸಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ಹೊಟ್ಟೆ ಕೆಟ್ಟಿದೆ ಎಂದೆ. "ಗುಣ ಆಗೂ ತನಕ ಕಾಯ್ತಾರ್ರಿ" ಎಂದ. ಹಲ್ಲುನೋವು ಎಂದೆ. "ಕಬಾಬ್ ಮೆತ್ತಗ ಇರ್ತಾವ" ಎಂದ. ಕೊನೆಗೊಂದು ಭಾನುವಾರ ಮಧ್ಯಾಹ್ನ, ಆಫೀಸಿನ ತುರ್ತು ಕೆಲಸವೆಂದು ಶಾಂತಾಳಿಗೆ ಹೇಳಿ, ಮದುವೆ ಮನೆಗಳಿಗೆಂದು ಇಟ್ಟಿದ್ದ ಬಿಳಿ ಟೆರಿಲಿನ್ ಶರ್ಟು ತೊಟ್ಟು, ದಸ್ತಗೀರ್ ಮತ್ತು ಸಂಜೀವಣ್ಣನ ಜತೆ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ನಿಜವಾದ ಪರೀಕ್ಷಕ ಮೂಗಿನಿಂದಲೇ ತೀರ್ಪು ಕೊಡುತ್ತಾನೆ ಎಂದುಬಿಡುವುದು! ನನ್ನ ಬುದ್ಧಿಗೆ ನಾನೇ ಮೆಚ್ಚಿ ಸಂಜೀವಣ್ಣನ ಟಿಕೆಟನ್ನೂ ತೆಗೆಸಿದೆ.

ಅಂಗಡಿಯ ಮುಂದೆ ಜನ ಜಮಾಯಿಸಿದ್ದರು. ಪಕ್ಕದ ಗ್ಯಾರೇಜಿನವರು, ಮಾರ್ಕೆಟ್ಟಿನವರು, ದಿನಾ ಅಲ್ಲಿ ತಿನ್ನುವ ಗಿರಾಕಿಗಳು, ಎಲ್ಲರಿಗೂ ತಮ್ಮತಮ್ಮ ಅಭಿಪ್ರಾಯ. "ದೊಡ್ಡವನ ಮಸಾಲಾ!" ಎಂದು ಒಂದು ಗುಂಪು, "ಸಣ್ಣವನ ಹದ!" ಎಂದು ಇನ್ನೊಂದು. ಪ್ಲೈವುಡ್ ಗೋಡೆಯ ತುದಿಗೆ ಸರಿಯಾಗಿ ಒಂದು ಕುರ್ಚಿ ಹಾಕಿದ್ದರು. ಅರ್ಧ ನಾನು ಇಸ್ಮಾಯಿಲನ ಕಡೆ, ಅರ್ಧ ಯಾಕೂಬನ ಕಡೆ. ಒಳಗಿನ ಪರದೆ ಸರಿಸಿ ಮುದುಕಿ ಇಣುಕಿದಳು. ನನಗೆ ಕೈಮುಗಿದಳು. ನಾನೂ ಗಡಬಡಿಸಿ ಕೈಮುಗಿದೆ.

ಇಸ್ಮಾಯಿಲ್ ತಟ್ಟೆ ತಂದಿಟ್ಟ. ನಾನು ಕಣ್ಣು ಮುಚ್ಚಿ ಮೂಸಿದೆ. ತಟ್ಟೆ ತಿರುಗಿಸಿ ಇನ್ನೊಂದು ದಿಕ್ಕಿನಿಂದ ಮೂಸಿದೆ. "ಮೂಗಿನ್ಯಾಗ ಎಲ್ಲಾ ತಿಳೀತೈತಿ" ಎಂದು ಗಂಭೀರವಾಗಿ ಹೇಳಿ ತಟ್ಟೆ ದೂಡಿದೆ.

"ಹಂಗಲ್ರಿ ಸಾಹೇಬ್ರ, ತಿನ್ರಿ!" ಎಂದು ಜನ ಕೂಗಿದರು. "ಖಾವ್, ಖಾವ್!"

ಬೇರೆ ದಾರಿ ಇರಲಿಲ್ಲ. ಒಂದು ತುಂಡು ಮುರಿದೆ, ಬಾಯಿಯ ಹತ್ತಿರ ಒಯ್ದೆ, ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುವವನಂತೆ ನಟಿಸಿ ತುಂಡನ್ನು ಕರವಸ್ತ್ರಕ್ಕೂ, ಕರವಸ್ತ್ರವನ್ನು ಶರ್ಟಿನ ಜೇಬಿಗೂ ಸೇರಿಸಿದೆ. ಆಮೇಲೆ ಬರೀ ಗಾಳಿಯನ್ನು ಚೆನ್ನಾಗಿ ಅಗಿದು ನುಂಗಿದೆ. ಯಾರಿಗೂ ಗೊತ್ತಾಗಲಿಲ್ಲ. ನಾಟಕದ ಕಂಪನಿ ಸೇರಬೇಕಾಗಿದ್ದವನು ಗುಮಾಸ್ತನಾದೆನಲ್ಲ ಎಂದು ಹಳಹಳಿಸುವಷ್ಟರಲ್ಲಿ ಎದೆ ಚುರುಗುಟ್ಟಿತು. ಕಬಾಬ್ ಆಗಷ್ಟೇ ಕೆಂಡದಿಂದ ಇಳಿದಿತ್ತು!

"ಹಾಂ! ಹಾಂ!" ಎಂದು ಕುರ್ಚಿಯಲ್ಲೇ ನೆಗೆದೆ.

"ಖಾರ ಹೆಚ್ಚಾತೇನ್ರಿ?" ಇಸ್ಮಾಯಿಲ್ ಗಾಬರಿಯಾದ.

"ಇಲ್ಲ... ಭಾಳ... ಎದಿಗೆ ಮುಟ್ಟೇತಿ!"

ಜನ ಚಪ್ಪಾಳೆ ತಟ್ಟಿದರು. ಅದು ಅಕ್ಷರಶಃ ಸತ್ಯವೆಂದು ಅವರಿಗೆ ಹೇಗೆ ತಿಳಿಯಬೇಕು? ಯಾಕೂಬನ ಮುಖ ಬಾಡಿತು. ಅವನು ಲಗುಬಗೆಯಿಂದ ತನ್ನ ತಟ್ಟೆ ತಂದ. ಅದರಲ್ಲಿ ಉದ್ದನೆಯ ಕಬಾಬುಗಳ ಪಕ್ಕದಲ್ಲಿ ಕಂದುಬಣ್ಣದ ಸಣ್ಣಸಣ್ಣ ತುಂಡುಗಳೂ ಇದ್ದವು. ಇಬ್ಬರಿಗೂ ಸಮ ನ್ಯಾಯ ಸಿಗಬೇಕಲ್ಲ? ಆ ತುಂಡುಗಳನ್ನು ಬೆರಳಿನಿಂದ ಒತ್ತಿ, ತಲೆದೂಗಿ ಹೇಳಿದೆ: "ಶಾಬಾಸ್! ಖೀಮಾ ಅಂದ್ರ ಹಿಂಗ ಅರೀಬೇಕು ನೋಡ್ರಿ. ಎಷ್ಟು ನುಣ್ಣಗ ಅರದಾನ!"

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಸಾಹೇಬ್ರ," ಯಾಕೂಬ್ ಮೆಲ್ಲಗೆ ಹೇಳಿದ, "ಅದು ಖೀಮಾ ಅಲ್ರಿ. ಕಲೇಜಿ. ಕುರಿ ಕಲೇಜಿ."

ಕಲೇಜಿ ಎಂದರೆ ಯಕೃತ್ತು ಎಂದೂ, ಅದನ್ನು ಖೀಮಾದಂತೆ, ಅಂದರೆ ಕೊಚ್ಚಿದ ಮಾಂಸದಂತೆ, ಅರೆಯದೆ ತುಂಡು ತುಂಡಾಗಿಯೇ ಸುಡುತ್ತಾರೆಂದೂ ನನಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ನಾನು, "ಹಾಂ, ಅದ... ಕಲೇಜಿ ಅರಿಯೂದು ಭಾಳ ಕಷ್ಟ" ಎಂದು ಮುಂದುವರಿಸಿದ್ದೆ!

ಸಂಜೀವಣ್ಣ ನನ್ನ ಎದೆಯತ್ತ ಬೆರಳು ಮಾಡಿದರು. "ಎಂತದು ಮಾರಾಯ್ರೆ ನಿಮ್ಮ ಕಿಸೆಯಲ್ಲಿ?"

ಬಿಳಿ ಟೆರಿಲಿನ್ನಿನ ಮೇಲೆ ಎಣ್ಣೆಯ ಕಲೆ ಭಾರತದ ನಕಾಶೆಯಷ್ಟು ಹರಡಿತ್ತು. ದಸ್ತಗೀರ್ ತಾನೇ ಕೈಹಾಕಿ ಕರವಸ್ತ್ರ ತೆಗೆದ, ಬಿಚ್ಚಿದ. ಕಬಾಬಿನ ತುಂಡು ಕೆಳಗೆ ಬಿತ್ತು.

"ವಿರುಪಾಕ್ಷಪ್ಪಾರ, ನೀವು ತಿಂದಿಲ್ಲಾ?"

"ಇಲ್ಲ."

"ಯಾಕ್ರಿ?"

"ನಾ... ಮಾಂಸ ತಿನ್ನಾಂಗಿಲ್ಲ."

"ಯಾವಾಗಿಂದ?"

"ಹುಟ್ಟಿದಾಗಿಂದ."

ದಸ್ತಗೀರನ ಕಣ್ಣಿಗೆ ನನ್ನ ಕಣ್ಣು ಸೇರಿಸಲಾಗಲಿಲ್ಲ. "ನನ್ನ ಮರ್ಯಾದಿ ತಗದ್ರಿ" ಎಂದಷ್ಟೇ ಹೇಳಿ ಅವನು ಮುಖ ತಿರುಗಿಸಿದ. ಆಗ ಇಸ್ಮಾಯಿಲ್ ಗೋಡೆಯ ಆ ಕಡೆಯಿಂದ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಎಷ್ಟೋ ಕಾಲದ ಮೇಲೆ ತಮ್ಮನ ಜತೆ ಮೊದಲ ಮಾತಾಡಿದ.

"ಯಾಕೂಬ್, ಇವನಿಗೆ ನೀ ಬೈತಿಯೋ, ನಾ ಬೈಲೋ?"

"ನೀ ದೊಡ್ಡಾವ. ಮದಲ ನೀ ಬೈ ಭಾಯಿ."

ಇಬ್ಬರೂ ಸೇರಿ ಬೈದರು. ಕನ್ನಡದಲ್ಲಿ, ದಖನಿಯಲ್ಲಿ, ಬೇಕಾದಷ್ಟು ಮರಾಠಿ ಬೆರೆಸಿ. ಒಬ್ಬನಿಗೆ ಶಬ್ದ ಸಿಗದಿದ್ದಾಗ ಇನ್ನೊಬ್ಬ ಒದಗಿಸುತ್ತಿದ್ದ. "ಕಲೇಜಿ ಅರೀತಾನಂತ!" ಎಂದು ಯಾಕೂಬ್ ಹೇಳಹೊರಟವನು ಅರ್ಧಕ್ಕೇ ನಕ್ಕುಬಿಟ್ಟ. ಇಸ್ಮಾಯಿಲನೂ ನಕ್ಕ. ಪರದೆಯ ಹಿಂದಿನ ಮುದುಕಿಯ ನಗು ಎಲ್ಲಕ್ಕಿಂತ ದೊಡ್ಡದಾಗಿ ಕೇಳಿತು. ಆ ಗದ್ದಲದಲ್ಲಿ ನಾನು ಎದ್ದು, ಸಿಕ್ಕ ಬಸ್ಸು ಹತ್ತಿದೆ.

ಮನೆಯ ಬಾಗಿಲು ತೆಗೆದ ಶಾಂತಾ ಎರಡು ಹೆಜ್ಜೆ ಹಿಂದೆ ಸರಿದಳು. ಮೂಗಿಗೆ ಸೆರಗು ಹಿಡಿದಳು. ಹೊಗೆಯ ವಾಸನೆ, ಜೇಬಿನ ಕಲೆ!

"ಏನ್ ತಿಂದು ಬಂದ್ರಿ?"

"ದೇವರಾಣಿ, ಏನೂ ತಿಂದಿಲ್ಲ!"

"ಆಫೀಸಿನ ಕೆಲಸ ಅಂದ್ರಿ. ಆಫೀಸಿನ್ಯಾಗ ಕುರಿ ಸುಡ್ತಾರೇನು?"

ಬೈಕುಲ್ಲಾದಲ್ಲಿ ನಾನು ಮಾಂಸ ತಿನ್ನುತ್ತೇನೆಂದರೆ ಯಾರೂ ನಂಬುವಂತಿರಲಿಲ್ಲ. ಆಂಟಾಪ್ ಹಿಲ್‌ನಲ್ಲಿ ತಿನ್ನುವುದಿಲ್ಲವೆಂದರೆ ಯಾರೂ ನಂಬಲಿಲ್ಲ! ತಣ್ಣೀರಿನ ಸ್ನಾನವಾಯಿತು, ಮತ್ತೊಮ್ಮೆ ಸ್ನಾನವಾಯಿತು, ಊಟದ ಮಾತೇ ಇಲ್ಲ.

ಮರುದಿನ ಸಂಜೆ ದಸ್ತಗೀರ್ ತಾನಾಗಿ ಬಂದ. ಸಿಟ್ಟು ಇಳಿದಿತ್ತು. ಪ್ಲೈವುಡ್ ಗೋಡೆ ಬೆಳಿಗ್ಗೆಯೇ ಕಿತ್ತರಂತೆ. ನನ್ನನ್ನು ಆಡಿಕೊಳ್ಳುತ್ತಾ ಅಣ್ಣತಮ್ಮ ಒಂದೇ ತಟ್ಟೆಯಲ್ಲಿ ಉಂಡರಂತೆ. ಅದನ್ನೆಲ್ಲ ಹೇಳಿ ಅವನು ಶಾಂತಾಳ ಕಡೆ ತಿರುಗಿದ.

"ವೈನಿ, ಈ ಮನುಷ್ಯಾ ಜಲ್ಮದಾಗ ಕಬಾಬ್ ತಿಂದಿಲ್ಲ. ಬೇಕಾದ್ರ ಇಡೀ ಬೈಕುಲ್ಲಾ ಸಾಕ್ಷಿ ಹೇಳ್ತೈತಿ. ಬರೇ ಅದರ ಬಗ್ಗೆ ಮಾತಾಡ್ಯಾರ, ಅಷ್ಟ."

ಅವನು ಹೋದ ಮೇಲೆ ಶಾಂತಾ ರೊಟ್ಟಿ ಬಡಿದು ಬಡಿಸಿದಳು. ಸಿಟ್ಟಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಅಲ್ರೀ, ತಿನ್ನಲಾರದ್ದರ ಬಗ್ಗೆ ಊರ ತುಂಬ ಅಷ್ಟು ಮಾತಾಡೀರಿ. ಮದುವಿ ಆದಾಗಿಂದ ನನ್ನ ಕೈಯಾಗಿಂದು ತಿಂತೀರಿ. ಅದರ ಬಗ್ಗೆ ಒಂದು ಮಾತು ಆಡೀರೇನು?"

ಮಾತು ಸತ್ಯವಾಗಿತ್ತು. ನೀರು ಕುಡಿದು, ತಟ್ಟೆಯನ್ನು ಮೊದಲ ಸಲ ನೋಡುವವನಂತೆ ನೋಡಿದೆ. ಮೂಲೆಯಲ್ಲಿದ್ದ ಹಸಿರು ಪಲ್ಯವನ್ನು ಬಾಯಿಗಿಟ್ಟು, ಕಣ್ಣುಮುಚ್ಚಿ, ಈ ಸಲ ನಿಜವಾಗಿಯೂ ಅಗಿದು, ಮನಸ್ಸು ತುಂಬಿ ಹೇಳಿದೆ:

"ಶಾಂತಾ, ಈ ಪಲ್ಯಾ ಐತಲ್ಲ, ಇಡೀ ಮುಂಬಯಿದಾಗ ಇಂಥಾದ್ದು ಸಿಗಾಂಗಿಲ್ಲ. ಇದು ನಿನ್ನ ಕೈಗೆ ಮಾತ್ರ ಬರೂವಂಥಾದ್ದು!"

ಅವಳು ರೊಟ್ಟಿಯ ಬುಟ್ಟಿ ಮುಚ್ಚಿದಳು.

"ಅದು ಸಂಜೀವಣ್ಣಾರ ಹೆಂಡ್ತಿ ಕಳಿಸ್ಯಾರ್ರಿ."

ಅಂದಿನಿಂದ ಊಟದ ಹೊತ್ತಿನಲ್ಲಿ ನಾನು ನನ್ನ ಬಾಯಿಯನ್ನು ಉಣ್ಣುವುದಕ್ಕೆ ಮಾತ್ರ ಬಳಸುತ್ತಿದ್ದೇನೆ.