ನಮ್ಮ ಪಿಕಪ್ಪಿಗೆ ಹರೆಯ ಬಂದದ್ದು

ಹೊತ್ತಿಗೆ ಸರಿಯಾಗಿ ಏಳುವ ಮನುಷ್ಯನಿಗೆ ಕನಸುಗಳು ಎಂದೂ ಪೂರ್ತಿಯಾಗುವುದಿಲ್ಲ. ಬೆಳಗಿನ ಐದಕ್ಕೆ ಗಡಿಯಾರ ಬಾಯಿ ತೆರೆದರೆ ನಾನು ಎದ್ದು ಕೂತಿರುತ್ತೇನೆ. ಕನಸಿನಲ್ಲಿ ಯಾರೋ ಮಾತಾಡುತ್ತಿದ್ದರೆ ಆ ಮಾತು ಅರ್ಧಕ್ಕೇ ನಿಲ್ಲಬೇಕು. ಹೊಳೆ ದಾಟುತ್ತಿದ್ದರೆ ನಡುನೀರಿನಲ್ಲೇ ಬಿಟ್ಟು ಹಾಸಿಗೆ ಮಡಚಬೇಕು. ಹೀಗೆ ಉಳಿದುಹೋದ ಅರ್ಧ ಕನಸುಗಳು ಎಲ್ಲಿಗೆ ಹೋಗುತ್ತವೆ ಎಂದು ಬಹಳ ವರ್ಷ ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ಅವು ಎಲ್ಲಿಗೂ ಹೋಗುವುದಿಲ್ಲ, ಹಗಲಿಗಾಗಿ ಕಾದು ಕೂತಿರುತ್ತವೆ. ಪಿಕಪ್ ಗಾಡಿಯ ಸ್ಟೇರಿಂಗ್ ಹಿಡಿದು ಕಬ್ಬಿನ ಹೊಲಗಳ ನಡುವೆ ಹೊರಟೆನೆಂದರೆ, ಒಂದೊಂದಾಗಿ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತವೆ.

ನಾನು ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು. ಮಿರಜಿಗೆ, ಪಂಢರಪುರಕ್ಕೆ, ಪಣಜಿಗೆ ಹೋಗುವ ಬಸ್ಸುಗಳನ್ನೆಲ್ಲ ಸೀಟಿ ಊದಿ ಕಳಿಸುವುದು ನನ್ನ ಕೆಲಸವಾಗಿತ್ತು. ಬಸ್ಸುಗಳು ಹೋಗುತ್ತಿದ್ದವು, ನಾನು ಉಳಿಯುತ್ತಿದ್ದೆ. ಧೂಳು ಇಳಿದ ಮೇಲೆ ದಾಖಲೆ ಪುಸ್ತಕದಲ್ಲಿ ಹೊತ್ತು ಬರೆದು, ಮುಂದಿನ ಬಸ್ಸಿಗೆ ಸೀಟಿ ಒರೆಸಿಕೊಂಡು ಕೂರುತ್ತಿದ್ದೆ. ಈ ಅಭ್ಯಾಸ ಮನೆಯವರೆಗೂ ಬಂತು. ಮಗಳ ಮದುವೆಯಲ್ಲಿ ಅಕ್ಷತೆ ಬೀಳುವುದು ನಾಲ್ಕು ನಿಮಿಷ ತಡವಾದಾಗ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ ಸೀಟಿ ಹೊರತೆಗೆದಿತ್ತು. ಕಮಲಾ ಪಕ್ಕದಲ್ಲೇ ನಿಂತಿದ್ದಳು, ಕೈ ಹಿಡಿದಳು. ಇಲ್ಲದಿದ್ದರೆ ನಾನು ಊದಿಯೇ ಬಿಡುತ್ತಿದ್ದೆ.

ಕಮಲಾ ನನ್ನ ಹೆಂಡತಿ. ಕಬ್ಬೂರಿನ ನಮ್ಮ ಹೊಲದಲ್ಲಿ ಹಸಿರು ಬಲೆಯ ಎರಡು ಚಪ್ಪರ ಹಾಕಿ ಕಬ್ಬಿನ ಸಸಿ ಬೆಳೆಸುತ್ತಾಳೆ. ಈಗ ಬಹಳ ರೈತರು ಕಬ್ಬಿನ ತುಂಡು ಹೂಳುವುದಿಲ್ಲ. ಗಿಣ್ಣಿನ ಒಂದೊಂದೇ ಕಣ್ಣಿನಿಂದ ಟ್ರೇಯಲ್ಲಿ ಮೊಳೆಸಿದ, ಗೇಣುದ್ದ ಬೆಳೆದ ಸಸಿಯನ್ನು ತಂದು ನೆಡುತ್ತಾರೆ. ಸಸಿ ಸಿದ್ಧವಾದ ಮೇಲೆ ಒಂದು ವಾರ ತಾಳುತ್ತದೆ, ಎಂಟು ದಿನ ತಾಳುತ್ತದೆ. ಆಮೇಲೆ ಬೇರು ಟ್ರೇಯೊಳಗೇ ಸುತ್ತಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಆ ಸಸಿಗಳನ್ನು ರೈತರ ಹೊಲಕ್ಕೆ ಮುಟ್ಟಿಸಲೆಂದೇ ಪಿಕಪ್ ಇದೆ. ಗಾಡಿ ಕಮಲಾಳ ಹೆಸರಿನಲ್ಲಿದೆ. ನಾನು ಅರವತ್ತೊಂದನೆಯ ವಯಸ್ಸಿನಲ್ಲಿ ಓಡಿಸಲು ಕಲಿತು, ಅವಳ ಕೃಪೆಯಿಂದ ಅದರ ಡ್ರೈವರ್ ಆಗಿದ್ದೇನೆ. ಅಷ್ಟು ವರ್ಷ ಬೇರೆಯವರನ್ನು ಕಳಿಸಿದವನು ಕಡೆಗೊಮ್ಮೆ ತಾನೇ ಹೊರಟಾಗ ಆಗುವ ಸುಖವನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ.

ತೊಂದರೆ ಶುರುವಾದದ್ದು ಉಗಾರ ಬುದ್ರುಕದ ಭೂಪಾಲಣ್ಣನಿಂದ. ಅವರು ದೊಡ್ಡ ರೈತರು. ಜನವರಿಯ ನಾಟಿಗೆಂದು ನಮ್ಮ ಎರಡೂ ಚಪ್ಪರದ ಸಸಿಯಲ್ಲಿ ಹೆಚ್ಚಿನದು, ಮೂರು ಸರದಿಯಲ್ಲಿ ಒಂದಾದ ಮೇಲೊಂದು ಸಿದ್ಧವಾಗುವಂತೆ, ಅವರಿಗೇ ಮೀಸಲಾಗಿತ್ತು. ಹೊಲಕ್ಕೆ ನೀರು ಹಾಯಿಸಲು ತ್ರೀ ಫೇಸ್ ಕರೆಂಟು ಬರುವ ಹೊತ್ತು, ನೆಡುವ ಹೆಣ್ಣುಮಕ್ಕಳು ಬರುವ ಹೊತ್ತು, ಸಸಿ ಬರುವ ಹೊತ್ತು, ಮೂರೂ ಕೂಡಬೇಕು. ಮೊದಲ ಸಲ ನಾನು ಅರ್ಧ ಗಂಟೆ ತಡವಾಗಿ ಮುಟ್ಟಿದೆ. ಹೆಣ್ಣುಮಕ್ಕಳು ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಭೂಪಾಲಣ್ಣ ಸಿಟ್ಟಾಗಲಿಲ್ಲ, ಅದೇ ಕಷ್ಟ. "ಸಾಹೇಬ್ರ, ನೀವು ಬಸ್ಸಿನ ಟಾಯಮ್ ನೋಡಿದಾವ್ರು. ನಿಮಗ ನಾ ಏನ್ ಹೇಳ್ಲಿ? ಇನ್ನೊಮ್ಮಿ ಹಿಂಗಾದ್ರ ಉಳದ ಸಸಿ ಬ್ಯಾರೆ ಕಡೆ ನೋಡ್ಕೋತೀನಿ" ಎಂದರು. ಮನೆಗೆ ಬಂದು ಹೇಳಿದಾಗ ಕಮಲಾ ಚಪ್ಪರದ ಕಡೆ ನೋಡಿದಳು. ಅಲ್ಲಿ ಸಾವಿರಾರು ಸಸಿಗಳು ತಲೆಯಾಡಿಸುತ್ತ ನಿಂತಿದ್ದವು. "ಇನ್ನೊಮ್ಮಿ ಹಿಂಗಾದ್ರ ನಾ ಡ್ರೈವರ್ ಇಡತೀನ್ರಿ" ಎಂದಳು.

ತಡವಾದದ್ದಕ್ಕೆ ಕಾರಣ ರಾಯಬಾಗದ ಆಚೆ ಸಿಕ್ಕ ಕಬ್ಬಿನ ಟ್ರ್ಯಾಕ್ಟರು. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ದಿನಗಳಲ್ಲಿ ನಮ್ಮ ಸೀಮೆಯ ರಸ್ತೆ ನಮ್ಮದಾಗಿರುವುದಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಅದರ ಮೇಲೆ ಮನೆಯೆತ್ತರ ಕಬ್ಬು, ಮುಂದೆ ದೊಡ್ಡ ದನಿಯ ಹಾಡು. ಹಿಂದೆ ಬರುವವನ ಹಾರ್ನು ಆ ಹಾಡಿನಲ್ಲಿ ತಾಳದಂತೆ ಸೇರಿಹೋಗುತ್ತದೆ. ನನಗೆ ದಾಟಲು ಧೈರ್ಯ ಬರಲಿಲ್ಲ. ಆದರೆ ಧೈರ್ಯ ಬರಲಿಲ್ಲ ಎಂದು ಯಾರು ಒಪ್ಪಿಕೊಳ್ಳುತ್ತಾರೆ? ಇಂಜಿನ್ನಿನಲ್ಲಿ ಜೀವ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಅದು ನಿಜವೆಂದೇ ಅನಿಸತೊಡಗಿತು.

ಇಂಜಿನ್ನಿಗೆ ಚಿಕ್ಕ ಡಬ್ಬಿಯೊಂದನ್ನು ಸಿಕ್ಕಿಸಿದರೆ ಜೀವ ಬಂದು ಗಾಡಿ ಜೋರಾಗಿ ಓಡುತ್ತದೆ ಎಂದು ಕೇಳಿದ್ದೆ. ಚಿಕ್ಕೋಡಿಯಲ್ಲಿ ನಮ್ಮ ಗಾಡಿಯ ಸರ್ವಿಸ್ ಮಾಡುವ ಮೇಸ್ತ್ರಿಯನ್ನು ಮೊದಲು ಕೇಳಿದೆ. ಅವನು ಕೈಗೆ ಹತ್ತಿದ ಗ್ರೀಸ್ ಒರೆಸುತ್ತ ಹೇಳಿದ: "ಈಗಿನ ಗಾಡಿಗಿ ತನ್ನ ತಲಿ ತನಗ ಐತ್ರಿ. ಎಷ್ಟ ಗಾಳಿ ತಗೋಬೇಕು, ಎಷ್ಟ ಎಣ್ಣಿ ಕುಡೀಬೇಕು, ಎಲ್ಲಾ ಅದಕ್ಕ ಗೊತ್ತೈತಿ. ಮ್ಯಾಲೆ ಹಾಕೂ ಡಬ್ಬಿ ಅದರ ಕಿವ್ಯಾಗ ಸುಳ್ಳ ಹೇಳತೈತಿ, ಅಷ್ಟ. ಸುಳ್ಳ ನಂಬಿ ಅದು ಜ್ವಾರಾಗಿ ಓಡತೈತಿ. ಆಮ್ಯಾಲ ಕ್ಲಚ್ ಹ್ವಾದ್ರ, ಟರ್ಬೋ ಹ್ವಾದ್ರ, ವಾರಂಟಿ ಕೇಳಾಕ ಬರಬ್ಯಾಡ್ರಿ." ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿರಲಿಲ್ಲ. ಆದರೆ ಮನಸ್ಸಿಗೆ ಬೇಡವಾದ ಉತ್ತರ ಸಿಕ್ಕಾಗ ಮನುಷ್ಯ ಇನ್ನೊಬ್ಬರನ್ನು ಕೇಳುತ್ತಾನೆ.

ಆ ವಾರವೇ ಅಕ್ಕೋಳಕ್ಕೆ ಸಸಿ ಮುಟ್ಟಿಸುವುದಿತ್ತು. ಅಲ್ಲಿಂದ ನಿಪ್ಪಾಣಿ ಎಷ್ಟು ಮಹಾ ದೂರ? ಹೆದ್ದಾರಿಯ ಬದಿಯಲ್ಲಿ ವಿಲಾಸ ಎಂಬವನ ಗ್ಯಾರೇಜಿದೆ. ನಲವತ್ತರ ಆಸುಪಾಸಿನವನು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ಬಾನೆಟ್ ಎತ್ತಿ ಒಳಗೆ ನೋಡಿ ನಿಟ್ಟುಸಿರು ಬಿಟ್ಟ.

"ಕಾಕಾ, ಗಾಡಿ ಏಕದಮ್ ಝಕಾಸ್ ಐತ್ರಿ. ಆದ್ರ ಕಂಪನಿಯವ್ರು ಇಂಜಿನ್ನಿನ ಕೈ ಕಟ್ಟಿ ಕಳಿಸ್ಯಾರ. ನಾ ಬರೇ ಹಗ್ಗಾ ಬಿಚ್ಚತೀನಿ."

"ಯಾಕ ಕಟ್ಯಾರ?"

"ಎಲ್ಲಾರಿಗೂ ಒಂದ ಅಳತಿ ಅಂಗಿ ಹೊಲದಂಗ್ರಿ. ರಾಜಸ್ಥಾನದಾಗ ಓಡ್ಸಾವಗೂ ಅದ, ಕಾಶ್ಮೀರದಾಗ ಓಡ್ಸಾವಗೂ ಅದ. ನಿಮಗ ನಿಮ್ಮ ಅಳತೀದ ಬ್ಯಾಡೇನು?"

"ಡೀಸೆಲ್ ಜಾಸ್ತಿ ಕುಡಿಯೂದಿಲ್ಲೇನಪಾ?"

"ಸಾವಕಾಶ ಹೊಡದ್ರ ಕಮ್ಮೀನ ಕುಡೀತೈತ್ರಿ."

"ಸಾವಕಾಶ ಹೊಡಿಯೂದಾದ್ರ ಇದನ್ಯಾಕ ಹಾಕಸ್ಬೇಕು?"

ವಿಲಾಸ ಬಾನೆಟ್ಟಿನೊಳಗಿಂದ ತಲೆ ಹೊರತೆಗೆದ. "ಕಾಕಾ, ನೀವು ಮಾಸ್ತರ್ರೇನ್ರಿ?" ಎಂದ.

ಆ ಹೊತ್ತಿಗೆ ಎದ್ದು ಬಂದುಬಿಡಬೇಕಿತ್ತು. ಆದರೆ ಕೈ ಕಟ್ಟಿ ಕಳಿಸಿದ್ದಾರೆ ಎಂಬ ಆ ಮಾತು ನನ್ನೊಳಗೆ ಎಲ್ಲೋ ಇಳಿದುಬಿಟ್ಟಿತ್ತು. ಎದುರಿನ ಹೆದ್ದಾರಿಯಲ್ಲಿ ಗಾಡಿಗಳು ಪುಣೆಯ ಕಡೆಗೂ ಬೆಂಗಳೂರಿನ ಕಡೆಗೂ ಹಾಯುತ್ತಿದ್ದವು. ನಿಲ್ದಾಣದ ಪಂಖದ ಕೆಳಗೆ ಕೂತು ಇಂಥ ಎಷ್ಟನ್ನು ನಾನು ಕಳಿಸಿಲ್ಲ? ನನ್ನ ಕೈಯನ್ನೂ ಯಾರೋ ಕಟ್ಟಿದ್ದರೇ, ಅಥವಾ ನಾನೇ ಹೊತ್ತು ನೋಡಿ ಕಟ್ಟಿಕೊಂಡಿದ್ದೆನೇ? ಹೀಗೆ ಯೋಚಿಸುತ್ತಿರುವಾಗ ವಿಲಾಸ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಡಬ್ಬಿಯನ್ನು ಕೂರಿಸಿ, ಎರಡು ವಾಯರು ಸಿಕ್ಕಿಸಿ, ಬಾನೆಟ್ ಮುಚ್ಚಿದ. "ಗಾಡಿ ಹೊಳ್ಳಿ ಹರೇದ ಆತ್ರಿ" ಎಂದ. ಗಾಡಿ ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಅವನು ನನ್ನನ್ನು ನೋಡಿಯೇ ಹಾಗೆ ಹೇಳಿರಬೇಕು. ಕಮಲಾಳಿಗೆ ಹೇಳಲಿಲ್ಲ. ಹೊತ್ತಿಗೆ ಮುಟ್ಟಿ ತೋರಿಸಿ ಆಮೇಲೆ ಹೇಳೋಣವೆಂದುಕೊಂಡೆ.

ಭೂಪಾಲಣ್ಣನ ಎರಡನೆಯ ಸರದಿ ಬಂತು. ಸೂರ್ಯ ಹುಟ್ಟುವ ಮುನ್ನ ಟ್ರೇಗಳನ್ನು ಅಂತಸ್ತು ಅಂತಸ್ತಾಗಿ ಜೋಡಿಸಿ, ಮೇಲೆ ಹಸಿರು ಬಲೆ ಕಟ್ಟಿ ಹೊರಟೆ. ಅಂಥ ಬೆಳಗನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಾರೆ. ಎರಡೂ ಬದಿಯಲ್ಲಿ ಕಬ್ಬು ಹೂಬಿಟ್ಟು ನಿಂತಿತ್ತು. ಮಂಜಿನಲ್ಲಿ ಹೊಲದ ಬುಡ ಕಾಣುತ್ತಿರಲಿಲ್ಲ, ಬೆಳ್ಳಿಯ ತುರಾಯಿಗಳಷ್ಟೇ ಗಾಳಿಯಲ್ಲಿ ತೇಲುತ್ತಿದ್ದವು. ಕಾಲು ಕೊಂಚ ಒತ್ತಿದರೆ ಸಾಕು, ಗಾಡಿ ನೆಲ ಬಿಟ್ಟಂತೆ ಮುಂದೆ ಸರಿಯುತ್ತಿತ್ತು. ನಾನು ಓಡಿಸುತ್ತಿದ್ದೇನೆಯೋ ರಸ್ತೆಯೇ ನನ್ನ ಕೆಳಗೆ ಹರಿಯುತ್ತಿದೆಯೋ ತಿಳಿಯದಾಯಿತು. ಪಣಜಿಯ ಬಸ್ಸು, ಪಂಢರಪುರದ ಬಸ್ಸು, ಕಳಿಸಿದ ಬಸ್ಸುಗಳೆಲ್ಲ ಆ ಮಂಜಿನಲ್ಲಿ ನನ್ನ ಜೊತೆಗೆ ಓಡಿ, ಒಂದೊಂದಾಗಿ ಹಿಂದೆ ಉಳಿದವು. ರಾಯಬಾಗದ ಆಚೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಎದುರಿಗೆ ರಸ್ತೆ ಖಾಲಿ. ಕಾಲು ಒತ್ತಿದೆ. ಹಾಡು ಒಮ್ಮೆ ಕಿವಿಯ ಹತ್ತಿರ ಬಂದು ಹಿಂದಕ್ಕೆ ಹೋಯಿತು. ಇನ್ನೊಂದು ಟ್ರ್ಯಾಕ್ಟರು, ಮತ್ತೊಂದು. ಕುಡಚಿಯ ಬಳಿ ಕೃಷ್ಣೆಯ ಸೇತುವೆ ಬಂದಾಗ ನೀರಿನಿಂದ ಹೊಗೆಯಂತೆ ಮಂಜು ಏಳುತ್ತಿತ್ತು, ನಾನು ಸೀಟಿಯ ಧಾಟಿಯಲ್ಲಿ ಏನನ್ನೋ ಗುನುಗುತ್ತಿದ್ದೆ.

ಎಂಟಕ್ಕೆ ಮುಟ್ಟಬೇಕಾದವನು ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಮುಟ್ಟಿದೆ. ಭೂಪಾಲಣ್ಣ ಹಲ್ಲುಜ್ಜುತ್ತಿದ್ದರು. ಹೆಣ್ಣುಮಕ್ಕಳು ಬರುವುದನ್ನು ಕಾದು, ಎಲ್ಲರ ಎದುರಿಗೆ ಹೆಮ್ಮೆಯಿಂದ ಬಲೆ ಬಿಚ್ಚಿದೆ. ಬಲೆಯ ಮುಂದಿನ ತುದಿ ಎಲ್ಲಿ ಕಿತ್ತಿತ್ತೋ ಯಾವಾಗ ಕಿತ್ತಿತ್ತೋ, ಆ ವೇಗದ ಗಾಳಿ ದಾರಿಯುದ್ದಕ್ಕೂ ಒಳಗೆ ಹೊಕ್ಕಿತ್ತು. ಎಲೆಗಳು ಸೀಳಿ, ತುದಿ ಸುರುಟಿ, ಸಸಿಗಳೆಲ್ಲ ಒಂದೇ ದಿಕ್ಕಿಗೆ ಬಾಚಿದ ಹಾಗೆ ಹಿಂದಕ್ಕೆ ಬಾಗಿದ್ದವು.

ನೆಡುವವರಲ್ಲಿ ಹಿರಿಯಳಾದವಳು ಮೂಗಿನ ಮೇಲೆ ಬೆರಳಿಟ್ಟಳು. "ನೋಡ ಬರ್ರೇ. ಎಲ್ಲಾ ಹೊಳ್ಳಿ ನೋಡಾಕತ್ತಾವು. ತವರಮನಿ ಬಿಟ್ಟ ಬರಾಕ ಒಲ್ಲೆ ಅಂತಾವ."

ಭೂಪಾಲಣ್ಣ ಒಂದು ಸಸಿ ಎತ್ತಿ ಹಿಡಿದರು. "ಸಾಹೇಬ್ರ, ನಾ ಸಸಿ ತರಾಕ ಹೇಳಿದ್ನ್ಯೋ, ಕಸಬರಗಿ ತರಾಕ ಹೇಳಿದ್ನ್ಯೋ?"

"ಹೊತ್ತಿಗಿಂತ ಮುಂಚೇನ ಬಂದೀನಲ್ರಿ."

"ನೀವು ಬಂದೀರಿ. ಸಸಿ ಬಂದಿಲ್ಲ."

ನಾನು ಕಮಲಾಳಿಗೆ ಫೋನ್ ಮಾಡಿದೆ. ಟ್ರೇಗಳನ್ನು ಮರದ ನೆರಳಿಗೆ ಇಳಿಸಿ ನೀರು ಚಿಮುಕಿಸಿರಿ, ಯಾರೂ ನೆಡಬೇಡಿರಿ ಎಂದು ಹೇಳಿ ಬಸ್ಸು ಹಿಡಿದು ಬಂದಳು. ಬಸ್ಸು ಇಳಿದಾಗ ಹನ್ನೊಂದಾಗಿತ್ತು. ಕೈಚೀಲದಲ್ಲಿ ನಾಲ್ಕು ಕತ್ತರಿ ಇದ್ದವು. ನನ್ನ ಕಡೆ ನೋಡದೆ ಹೆಣ್ಣುಮಕ್ಕಳ ನಡುವೆ ಕೂತು ಸುರುಟಿದ ತುದಿಗಳನ್ನು ಕತ್ತರಿಸತೊಡಗಿದಳು. ಭೂಪಾಲಣ್ಣನಿಗೆ ಹೇಳಿದಳು: "ಅಣ್ಣಾರ, ಬೇರ ಘಟ್ಟಿ ಅದಾವ್ರಿ. ಬಿಸಲ ಇಳದ ಮ್ಯಾಲ ಹಚ್ಚರಿ. ಎಂಟ ದಿನದಾಗ ಹೊಸಾ ಸುಳಿ ಹೊಡೀಲಿಲ್ಲಂದ್ರ ನಮ್ಮ ಚಪ್ಪರದ ಕಡೆ ಹೊಳ್ಳಿ ನೋಡಬ್ಯಾಡ್ರಿ." ಅವರು ಆಗಲಿ ಎಂಬಂತೆ ಚಹಾ ತರಿಸಿದರು. ನಾನೂ ಒಂದು ಕತ್ತರಿ ತೆಗೆದುಕೊಂಡೆ. ಸಂಜೆಯವರೆಗೆ ಕತ್ತರಿಸಿದೆ. ಒಂದೇ ಅಳತೆಗೆ ಕತ್ತರಿಸುತ್ತೀರಿ ಎಂದು ಹೆಣ್ಣುಮಕ್ಕಳು ಹೊಗಳಿದರು. ಅಂದು ನನಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ.

ಮರಳುವಾಗ ಗಾಡಿ ಶುರು ಮಾಡುತ್ತಲೇ ಕಮಲಾ ಕಿವಿಗೊಟ್ಟಳು. "ಯಾಕ್ರಿ, ಇದರ ದನಿ ಒಡದೈತಿ?" ಸೇತುವೆ ಬರುವ ಹೊತ್ತಿಗೆ ಎಲ್ಲ ಒಪ್ಪಿಕೊಂಡಿದ್ದೆ. ರಾಯಬಾಗ ದಾಟಿದ ಮೇಲೆ ಅವಳು ಕೇಳಿದಳು: "ಅಲ್ರೀ, ಈ ಗಾಡ್ಯಾಗ ನಾವು ಏನ ಹೇರತೀವಿ? ಎಲಿ. ಎಲಿ ಹೊರಾಕ ಇಷ್ಟ ಕುದರಿ ಯಾಕ ಬೇಕು?" ಕಲ್ಲು ಹೇರುವವನು, ದಿನವೂ ಘಟ್ಟ ಹತ್ತುವವನು ಈ ಪ್ರಶ್ನೆಗೆ ಏನಾದರೂ ಉತ್ತರ ಕೊಟ್ಟಾನು. ಆಗಲೂ ವಾರಂಟಿ ಮುಗಿದ ಮೇಲೆ, ಕ್ಲಚ್ಚಿನ ಆಸೆ ಬಿಟ್ಟ ಮೇಲೆ. ನಮ್ಮ ವಿಷಯದಲ್ಲಿ ರಸ್ತೆ ನಿಧಾನವಾಗಿತ್ತು, ಸಸಿ ಮೆತ್ತಗಿತ್ತು, ಡ್ರೈವರ್ ಅಂಜುಬುರುಕನಾಗಿದ್ದ; ಇಂಜಿನ್ನೊಂದೇ ಮೊದಲಿನಿಂದಲೂ ಸರಿಯಾಗಿತ್ತು. ನಾನು ಅದನ್ನೇ ರಿಪೇರಿ ಮಾಡಿಸಿದ್ದೆ.

ಮರುದಿನ ನಿಪ್ಪಾಣಿಗೆ ಹೋಗಿ ಡಬ್ಬಿ ತೆಗೆಸಿದೆ. "ಯಾಕ್ರಿ ಕಾಕಾ, ಓಡಲಿಲ್ಲೇನು?" ಎಂದ ವಿಲಾಸ. "ಓಡಿತಪಾ. ಅದ ತ್ರಾಸ ಆಗಿದ್ದು" ಎಂದೆ.

ಎಂಟು ದಿನ ನಮ್ಮ ಮನೆಯಲ್ಲಿ ಯಾರೂ ಸುಳಿಯ ಮಾತೆತ್ತಲಿಲ್ಲ. ಒಂಬತ್ತನೆಯ ದಿನ ಭೂಪಾಲಣ್ಣನ ಫೋನು ಬಂತು, ಕಮಲಾಳಿಗೆ. ಸಸಿ ಹಿಡಿದಿವೆ, ಉಳಿದದ್ದನ್ನು ಕಳಿಸಿರಿ ಎಂದರು. "ಆದ್ರ ಸಾಹೇಬ್ರಿಗೆ ಹೇಳ್ರಿ, ಹೊತ್ತಾದ್ರ ಆಗವಲ್ದ್ಯಾಕ, ಸಾವಕಾಶ ಬರ್ಲಿ." ಕಮಲಾ ಡ್ರೈವರನ್ನು ಇಡಲಿಲ್ಲ. ಅದರ ಬದಲು ನನಗೊಂದು ನಿಯಮ ಮಾಡಿದಳು: ಕಬ್ಬಿನ ಟ್ರೇಲರ್ ಸಿಕ್ಕರೆ ದಾಟಬಾರದು, ಅದರ ಹಿಂದೆಯೇ ಹೋಗಬೇಕು, ಅಷ್ಟೆತ್ತರದ ಕಬ್ಬು ಸಸಿಗೆ ಬಡಿಯುವ ಗಾಳಿಯನ್ನೆಲ್ಲ ತಾನೇ ತಡೆಯುತ್ತದೆ.

ಮೊನ್ನೆ ಕಡೆಯ ಸರದಿಗೆ ಹೊರಟಾಗ ರಸ್ತೆ ಖಾಲಿಯಿತ್ತು. ಗಾಳಿ ಜೋರಾಗಿತ್ತು. ರಾಯಬಾಗದ ಆಚೆ ಒಂದು ಚಹಾದಂಗಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರು ನಿಂತಿದ್ದು ಕಂಡಿತು. ನಾನೂ ಅದರ ಹಿಂದೆ ಗಾಡಿ ನಿಲ್ಲಿಸಿ ಕೂತೆ. ಸ್ವಲ್ಪ ಹೊತ್ತಿಗೆ ಅದರ ಡ್ರೈವರು ಚಹಾದ ಬಸಿ ಹಿಡಿದುಕೊಂಡೇ ಬಂದ.

"ಯಾಕ್ರಿ ಕಾಕಾ, ಗಾಡಿ ಕೆಟ್ಟೈತೇನು?"

"ಇಲ್ಲಪಾ. ನೀ ಹೊರಟ ಮ್ಯಾಲ ನಿನ್ನ ಹಿಂದ ಬರಬೇಕಂತ ಮಾಡೀನಿ."

ಅವನು ನನ್ನನ್ನೊಮ್ಮೆ, ಹಸಿರು ಬಲೆಯನ್ನೊಮ್ಮೆ ನೋಡಿದ. "ನಮ್ಮದು ಹೊತ್ತಾಗತೈತ್ರಿ. ಇನ್ನೂ ನಾಷ್ಟಾ ಆಗಬೇಕು."

"ಆಗಲಿ" ಎಂದೆ. "ನನಗೇನೂ ಅವಸರ ಇಲ್ಲ."

ಇಡೀ ಆಯುಷ್ಯದಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಮೈ ಹಗುರಾಯಿತು. ಸೀಟಿಗೆ ಒರಗಿ, ಎಷ್ಟು ಗಂಟೆಗೆ ಆಡಿದೆನೆಂದು ಗಡಿಯಾರ ನೋಡಿಕೊಂಡೆ. ಏಳು ಗಂಟೆ ಇಪ್ಪತ್ತೆರಡು ನಿಮಿಷ.