ಗೂಳಿ ನುಂಗಿದ ದರ್ಜಿ

ಗುಂಡಿ, ಗುಂಡುಸೂಜಿಗಳನ್ನು ಬಾಯಲ್ಲಿಟ್ಟುಕೊಂಡೇ ಕೆಲಸ ಮಾಡುವುದು ದರ್ಜಿಯ ಹಳೇ ಚಾಳಿ. ಅದೇ ಚಾಳಿ ಆ ಬೆಳಗ್ಗೆ ಅವನಿಗೆ ಮುಳುವಾಯಿತು.

ಅಂಚೆಯಲ್ಲಿ ಬಂದ ನಾಣ್ಯವನ್ನು ಅವನು ಹೊಲಿಗೆ ಯಂತ್ರದ ದೀಪದಡಿ ಹಿಡಿದು ನೋಡುತ್ತಿದ್ದ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ರಾಜ್ಯವನ್ನು ಹಂಚಿಕೊಂಡ ದಂಡನಾಯಕರಲ್ಲೊಬ್ಬನಾದ ಸೆಲ್ಯೂಕಸ್ ಹೊರಡಿಸಿದ ಕಂಚಿನ ನಾಣ್ಯ. ಕೋಟಿನ ಗುಂಡಿಯಷ್ಟು ಗಾತ್ರ. ಅದರ ಮೇಲೆ ತಲೆ ತಗ್ಗಿಸಿ ಹಾಯಲು ಹೊರಟ ಗೂಳಿ, ಗೂಳಿಯ ಮೈತುಂಬ ಎರಡು ಸಾವಿರ ವರ್ಷದ ಹಸಿರು ಕಿಲುಬು. ಸಂಗ್ರಹಿಸುವವರಿಗೆ ಆ ಕಿಲುಬೆಂದರೆ ಪ್ರಾಣ.

ಅಷ್ಟರಲ್ಲಿ ಹೆಂಡತಿ ಅಂಗಡಿಗೆ ಬಂದಳು. ಇನ್ನೊಂದು ಕಿಲುಬು ಬಿಲ್ಲೆ ಕಣ್ಣಿಗೆ ಬಿದ್ದರೆ ತವರಿಗೆ ಹೊರಟೆ ಎಂದು ಅವಳು ಹೇಳಿ ತಿಂಗಳೂ ಆಗಿರಲಿಲ್ಲ. ದರ್ಜಿಯ ಕೈ ತಾನಾಗಿಯೇ ಬಾಯಿಗೆ ಹೋಯಿತು.

"ಊಟಕ್ಕೆ ಮನೆಗೆ ಬರ್ತೀರೋ, ಇಲ್ಲಿಗೇ ಕಳಿಸ್ಲೋ?"

"ಹೂಂ."

"ಹೂಂ ಅಂದ್ರೆ ಯಾವುದಕ್ಕೆ?"

ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅದನ್ನು ಕಂಡ ಪಕ್ಕದ ಇಸ್ತ್ರಿ ಅಂಗಡಿಯವನು ಓಡಿಬಂದ. "ಅಕ್ಕಾ, ಗಂಟಲಲ್ಲಿ ಏನೋ ಸಿಕ್ಕಾಕೊಂಡಿದೆ" ಎನ್ನುತ್ತ ಬೆನ್ನಿಗೊಂದು ಗುದ್ದಿದ. ಸೆಲ್ಯೂಕಸ್ ಒಳಗೆ ಹೋದ.

"ಏನ್ರೀ ನುಂಗಿದ್ದು?"

"ಗು... ಗುಂಡಿ."

ಇಸ್ತ್ರಿಯವನು ನಾಲ್ಕು ಬಾಳೆಹಣ್ಣು ತುರುಕಿದ. ಎದುರಿನ ಕ್ಷೌರಿಕ ಬಂದು, "ಹಾಗಲ್ಲ, ತಲೆಕೆಳಗೆ ಹಿಡೀಬೇಕು" ಎಂದ. ಹಿಡಿದರು, ಅಲ್ಲಾಡಿಸಿದರು. ಬಾಳೆಹಣ್ಣು ಮಾತ್ರ ವಾಪಸು ಬಂತು.

ಆಸ್ಪತ್ರೆಯ ದಾರಿಯುದ್ದಕ್ಕೂ ದರ್ಜಿ ಬೆವರಿದ. ಕಿಲುಬು ವಿಷವಂತೆ, ತಾನು ಉಳಿಯುವುದುಂಟೇ ಎಂಬ ಭಯ ಒಂದು. ಹೊಟ್ಟೆಯ ಹುಳಿಗೆ ಗೂಳಿಯ ಕೋಡು ಸವೆದುಹೋದೀತೆಂಬ ಭಯ ಇನ್ನೊಂದು. ಎರಡನೆಯದೇ ಅವನನ್ನು ಹೆಚ್ಚು ಹಿಂಡುತ್ತಿತ್ತು.

ಡಾಕ್ಟರು ಎಕ್ಸ್‌ರೇ ನೋಡಿದರು. "ಗುಂಡಿ ಅಂದ್ರಿ. ತೂತೇ ಇಲ್ವಲ್ಲ ಇದಕ್ಕೆ?"

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ದರ್ಜಿ ಗೋಡೆ ನೋಡಿದ.

ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆದು, ಕೊಳವೆ ಇಳಿಸಿ, ಡಾಕ್ಟರು ನಾಣ್ಯವನ್ನು ಹೊರತೆಗೆದರು. ತೊಳೆದು ಬೆಳಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. "ಸೆಲ್ಯೂಕಸ್‌ದು. ಈ ಗೂಳಿಗಾಗಿ ನಾನು ಎಷ್ಟು ವರ್ಷದಿಂದ ಹುಡುಕ್ತಾ ಇದೀನಿ ಗೊತ್ತಾ?"

ಹೆಂಡತಿ ಗಂಡನನ್ನು ನೋಡಿದಳು. ಅವನು ಕಣ್ಣು ಮುಚ್ಚಿದ.

"ನಿಮಗೂ ಇದರ ಹುಚ್ಚಾ ಡಾಕ್ಟ್ರೇ?" ಎಂದಳು ಶಾಂತವಾಗಿ. "ಹಾಗಾದ್ರೆ ನೀವೇ ಇಟ್ಕೊಳ್ಳಿ. ಇವರ ಜೀವ ಉಳಿಸಿದೀರಿ. ಮನೇಲಿ ಹಳೇ ಕೋಟಿನ ಅಸ್ತರಿನೊಳಗೆ ಇನ್ನೂ ಒಂದು ರಾಶಿ ಹೊಲಿದು ಬಚ್ಚಿಟ್ಟಿದಾರೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾರೆ. ಸಂಜೆ ಕೋಟನ್ನೇ ತಂದ್ಕೊಡ್ತೀನಿ."

ದರ್ಜಿ ದಡಕ್ಕನೆ ಎದ್ದು ಕೂತು, ಎರಡೂ ಕೈ ಬೀಸಿ ಕೂಗಿದ. ಮರಗಟ್ಟಿದ ಗಂಟಲಿನಿಂದ "ಆ... ಊ..." ಬಿಟ್ಟು ಬೇರೇನೂ ಹೊರಡಲಿಲ್ಲ.

"ಏನಂತಿದಾರೆ?" ಎಂದರು ಡಾಕ್ಟರು, ನಾಣ್ಯವನ್ನು ಜೇಬಿಗೆ ಇಳಿಸುತ್ತ.

"ಆಗ್ಲಿ ಅಂತಿದಾರೆ" ಎಂದಳು ಹೆಂಡತಿ.